‘ಆಯ್ತು’ ಅಂದರೆ ಏನಾಯ್ತು? ಸಬ್‌ಸ್ಟೇಷನ್ ಯಾರ್ಡ್‌ನಲ್ಲಿ ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು ಕೆಲಸ ಮಾಡುವ ಪೂರ್ತಿ ಕ್ರಮ

ರಾತ್ರಿ ಏಳೂವರೆ, ಪೀಕ್ ಲೋಡ್ ಹೊತ್ತು. ಆಪರೇಟರ್ ಯಾರ್ಡ್ ಲೈಟ್ ಎರಡು ನಿಮಿಷ ಆರಿಸಿ ಒಂದು ಸುತ್ತು ಹಾಕುತ್ತಾರೆ. ಕತ್ತಲಲ್ಲಿ 66 ಕೆವಿ ಲೈನ್ ಐಸೋಲೇಟರ್‌ನ (ಲೈನನ್ನು ಬೇರ್ಪಡಿಸುವ ಸ್ವಿಚ್) ವೈ (ಹಳದಿ) ಫೇಸ್ ಕ್ಲಾಂಪ್ ಬೀಡಿ ತುದಿಯ ಹಾಗೆ ಕೆಂಪಗೆ ಕಾಣುತ್ತದೆ. ಲಾಗ್ ಬುಕ್‌ನಲ್ಲಿ ‘ರೆಡ್ ಹಾಟ್’ ಅಂತ ಬರೆಯುತ್ತಾರೆ. ಮರುದಿನ ಬೆಳಗ್ಗೆ ಅದನ್ನು ಸರಿ ಮಾಡಬೇಕು. ಬೋಲ್ಟ್ ಬಿಚ್ಚಿ, ಕ್ಲಾಂಪ್ ಉಜ್ಜಿ, ಮತ್ತೆ ಬಿಗಿ ಮಾಡಲು ಹೆಚ್ಚೆಂದರೆ ಮುಕ್ಕಾಲು ಗಂಟೆ. ಅದಕ್ಕೆ ಮುಂಚಿನ ಮತ್ತು ಆಮೇಲಿನ ಕೆಲಸಕ್ಕೆ ಎರಡು ಗಂಟೆ. ನಾನು ಇಲ್ಲಿ ಬರೆಯುತ್ತಿರುವುದು ಆ ಎರಡು ಗಂಟೆಯ ಬಗ್ಗೆ. ಅದರ ನಡುವೆ ಬರುವುದೇ ಎಲ್‌ಸಿ, ಅಂದರೆ ನಾವು ಹಿಂದಿರುಗಿಸುವವರೆಗೆ ಲೈನ್ ಚಾರ್ಜ್ ಮಾಡುವುದಿಲ್ಲ ಅಂತ ಆಚೆ ತುದಿಯ ಸ್ಟೇಷನ್‌ನವರು ಕೊಡುವ ಮಾತು.

ಹೊಸದಾಗಿ ಸ್ಟೇಷನ್‌ಗೆ ಬಂದ ಜೆಇಗಳು, ಶಿಫ್ಟ್ ಆಪರೇಟರ್‌ಗಳು, ಗುತ್ತಿಗೆ ಗ್ಯಾಂಗ್‌ನ ಹುಡುಗರು ಇವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿಕೊಂಡು ಯಾರೂ ಯಾರ್ಡ್ ಒಳಗೆ ಹೋಗುವಂತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ, ಹೆಸರು ಬರೆದು ಅಧಿಕಾರ ಕೊಟ್ಟವರು ಮಾತ್ರ ಇಂಥ ಕೆಲಸಕ್ಕೆ ಇಳಿಯಬೇಕು. ನಿಮ್ಮ ಸ್ಟೇಷನ್‌ನ ಲಿಖಿತ ಸೂಚನೆ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ.

ಉದಾಹರಣೆಗೆ ಆ ಕೆಂಪು ಕ್ಲಾಂಪನ್ನೇ ಇಟ್ಟುಕೊಳ್ಳೋಣ. ಕರ್ನಾಟಕದ ದಕ್ಷಿಣ ಭಾಗದಲ್ಲಿ ಎಲ್ಲೆಲ್ಲೂ ಕಾಣುವ 66/11 ಕೆವಿ ಸ್ಟೇಷನ್ ಅಂದುಕೊಳ್ಳಿ. ಹುಬ್ಬಳ್ಳಿ ಕಡೆಯವರು, ಮಂಗಳೂರು ಕಡೆಯವರು 66 ಇರುವಲ್ಲಿ 110 ಅಂತ ಓದಿಕೊಂಡರೆ ಸಾಕು. ಕ್ರಮ ಒಂದೇ, ಅಂತರ ಮಾತ್ರ ಜಾಸ್ತಿ.

ಮೊದಲು ಕಾಗದ, ಪೆನ್ನು, ಸಿಂಗಲ್ ಲೈನ್ ಡಯಾಗ್ರಾಮ್

ಸ್ಪ್ಯಾನರ್ ಎತ್ತುವ ಮುಂಚೆ ಕಂಟ್ರೋಲ್ ರೂಮಿನ ಗೋಡೆಯ ಮೇಲಿರುವ ಸಿಂಗಲ್ ಲೈನ್ ಡಯಾಗ್ರಾಮ್ ಮುಂದೆ ನಿಂತುಕೊಳ್ಳಿ. ನಮ್ಮ ಬೇಯಲ್ಲಿ (ಒಂದು ಲೈನಿಗೆ ಸೇರಿದ ಉಪಕರಣಗಳ ಸಾಲು) ಬಸ್ಸಿನಿಂದ (ಎಲ್ಲ ಲೈನುಗಳೂ ಬಂದು ಸೇರುವ ಕಂಬಿ) ಶುರು ಮಾಡಿದರೆ ಸಾಮಾನ್ಯವಾಗಿ ಬಸ್ ಐಸೋಲೇಟರ್, ಬ್ರೇಕರ್ (ಲೋಡ್ ಇರುವಾಗಲೂ ಕರೆಂಟ್ ಕಡಿಯುವ ಸ್ವಿಚ್), ಸಿಟಿ (ಕರೆಂಟ್ ಅಳೆಯಲು ಇರುವ ಟ್ರಾನ್ಸ್‌ಫಾರ್ಮರ್), ಲೈನ್ ಐಸೋಲೇಟರ್, ಅದಕ್ಕೆ ಸೇರಿದ ಅರ್ಥ್ ಸ್ವಿಚ್ (ಲೈನನ್ನು ನೆಲಕ್ಕೆ ಸೇರಿಸುವುದು), ಆಮೇಲೆ ಲೈನು. ಕೆಂಪಾದ ಕ್ಲಾಂಪ್ ಲೈನ್ ಐಸೋಲೇಟರ್‌ನ ಲೈನ್ ಕಡೆ ಇದೆ.

ಈಗ ಕೇಳಬೇಕಾದ ಪ್ರಶ್ನೆ: ಈ ಕ್ಲಾಂಪಿಗೆ ಎಲ್ಲೆಲ್ಲಿಂದ ಕರೆಂಟ್ ಬರಬಹುದು? ‘ನಮ್ಮ ಬ್ರೇಕರ್ ಆಫ್ ಮಾಡಿದರೆ ಮುಗೀತಲ್ವಾ’ ಅಂತ ಹೊಸಬರು ಹೇಳುತ್ತಾರೆ. ಮುಗಿಯಲಿಲ್ಲ. ಲೈನಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಸ್ಟೇಷನ್ ಇದೆ. ಅಲ್ಲಿಂದ ಚಾರ್ಜ್ ಇದ್ದರೆ ನಮ್ಮ ಬ್ರೇಕರ್ ಆಫ್ ಆದ ಮೇಲೂ ಕ್ಲಾಂಪಿನಲ್ಲಿ 66 ಕೆವಿ ಇದ್ದೇ ಇರುತ್ತದೆ. ಹಾಗಾಗಿ ಎರಡೂ ತುದಿ ಬಿಡಿಸಬೇಕು. ಒಂದೇ ಟವರ್ ಮೇಲೆ ಎರಡು ಸರ್ಕ್ಯೂಟ್ ಹೋಗಿದ್ದರೆ, ಪಕ್ಕದ ಸರ್ಕ್ಯೂಟ್ ಚಾಲೂ ಇರುವಾಗ ನಮ್ಮ ‘ಸತ್ತ’ ಲೈನಿನಲ್ಲೂ ಇಂಡಕ್ಷನ್‌ನಿಂದ ವೋಲ್ಟೇಜ್ ಹುಟ್ಟುತ್ತದೆ. ಅದೂ ಮನುಷ್ಯನನ್ನು ಏಣಿಯಿಂದ ಕೆಡವುವಷ್ಟು.

11 ಕೆವಿ ಫೀಡರ್ ಕೆಲಸವಾದರೆ ಪಟ್ಟಿ ಇನ್ನೂ ಉದ್ದ. ಕಲ್ಯಾಣ ಮಂಟಪದ ಜನರೇಟರ್, ಮನೆ ಮೇಲಿನ ಸೋಲಾರ್, ಬೇರೆ ಫೀಡರ್ ಜೊತೆ ಕೂಡಿಸುವ ಜಿಓಎಸ್ (ಕಂಬದ ಮೇಲಿನ ಸ್ವಿಚ್), ಎಲ್ಲವೂ ಹಿಮ್ಮುಖವಾಗಿ ಕರೆಂಟ್ ಕೊಡಬಲ್ಲವು. ಜನರೇಟರ್‌ಗೆ ಸರಿಯಾದ ಚೇಂಜ್‌ಓವರ್ ಸ್ವಿಚ್ ಹಾಕದೆ ನೇರ ಸೇರಿಸಿದ್ದರೆ 415 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮೂಲಕ ಉಲ್ಟಾ ಹತ್ತಿ 11,000 ವೋಲ್ಟ್ ಆಗುತ್ತದೆ.

ಎರಡನೇ ಪ್ರಶ್ನೆ: ಕೆಲಸದ ಹೊತ್ತಿನಲ್ಲಿ ಹತ್ತಿರ ಯಾವುದು ಚಾರ್ಜ್ ಆಗಿಯೇ ಉಳಿಯುತ್ತದೆ? ನಮ್ಮ ಉದಾಹರಣೆಯಲ್ಲಿ ಬಸ್ಸು ಮತ್ತು ಪಕ್ಕದ ಬೇ. ಇದನ್ನು ಡಯಾಗ್ರಾಮ್ ನಕಲಿನ ಮೇಲೆ ಕೆಂಪು ಪೆನ್ನಿನಿಂದ ಗೀಟು ಹಾಕಿ ಗ್ಯಾಂಗ್‌ಗೆ ತೋರಿಸಿ. ನಮ್ಮ ನಿಯಮಗಳಲ್ಲಿ ಕೆಲಸದ ಅಂತರ 11 ಕೆವಿಗೆ 2.6 ಮೀಟರ್, 33 ಕೆವಿಗೆ 2.8 ಮೀಟರ್, 66 ಕೆವಿಗೆ 3.1 ಮೀಟರ್. ಈ ಅಂತರ ನಿಮ್ಮ ಮೈಯಿಂದ ಮಾತ್ರ ಅಲ್ಲ, ಕೈಯಲ್ಲಿರುವ ಸ್ಪ್ಯಾನರ್ ತುದಿಯಿಂದ, ಹೆಗಲ ಮೇಲಿನ ಪೈಪ್ ತುದಿಯಿಂದ ಲೆಕ್ಕ. ಹೈ ವೋಲ್ಟೇಜ್‌ನಲ್ಲಿ ಮುಟ್ಟಬೇಕು ಅಂತೇನಿಲ್ಲ, ಹತ್ತಿರ ಹೋದರೆ ಅದೇ ಹಾರಿ ಬರುತ್ತದೆ.

ಮೈಮೇಲೆ ಏನಿರಬೇಕು, ಏನಿರಬಾರದು

ಹೆಲ್ಮೆಟ್, ಸೇಫ್ಟಿ ಶೂ, ಹತ್ತಿ ಬಟ್ಟೆ, ಎತ್ತರಕ್ಕೆ ಹತ್ತುವವರಿಗೆ ಫುಲ್ ಬಾಡಿ ಹಾರ್ನೆಸ್. ಇದೆಲ್ಲ ಗೊತ್ತಿರುವುದೇ. ನೈಲಾನ್ ಶರ್ಟ್ ಬೇಡ. ಆರ್ಕ್ ಬಿಸಿಗೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಉಡಿದಾರ ಬೆಳ್ಳಿಯದ್ದಾ? ಉಂಗುರ, ಕಡಗ, ಕೊರಳ ಸರ, ವಾಚು ಬಿಚ್ಚಿಸುತ್ತೇವೆ, ಅಂಗಿ ಒಳಗಿನ ಬೆಳ್ಳಿ ಉಡಿದಾರ ಮರೆಯುತ್ತೇವೆ. ಸಂಕೋಚ ಬಿಟ್ಟು ಕೇಳಿ.

ರಬ್ಬರ್ ಗ್ಲೌಸ್ ವಿಷಯದಲ್ಲಿ ಜಾಸ್ತಿ ತಪ್ಪು ತಿಳುವಳಿಕೆ ಇದೆ. ಗ್ಲೌಸ್‌ಗೆ ಕ್ಲಾಸ್ ಇರುತ್ತದೆ. ಕ್ಲಾಸ್ 0 ಅಂದರೆ 1,000 ವೋಲ್ಟ್‌ವರೆಗೆ, ಕ್ಲಾಸ್ 2 ಅಂದರೆ 17,000, ಕ್ಲಾಸ್ 4 ಅಂದರೆ 36,000 ವೋಲ್ಟ್‌ವರೆಗೆ. 66 ಕೆವಿಯನ್ನು ಗ್ಲೌಸ್ ಹಾಕಿ ಮುಟ್ಟುವ ಮಾತೇ ಇಲ್ಲ. ಇಲ್ಲಿ ಗ್ಲೌಸ್ ಇರುವುದು ಐಸೋಲೇಟರ್ ಹ್ಯಾಂಡಲ್ ತಿರುಗಿಸುವಾಗ, ಅರ್ಥ್ ರಾಡ್ (ಲೈನನ್ನು ತಾತ್ಕಾಲಿಕವಾಗಿ ನೆಲಕ್ಕೆ ಸೇರಿಸುವ ಕೋಲು) ಹಿಡಿಯುವಾಗ ಎರಡನೇ ರಕ್ಷಣೆಯಾಗಿ. ಹಾಕುವ ಮುಂಚೆ ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ಗಾಳಿ ಒಳಗೆ ಸಿಕ್ಕಿಸಿ, ಬೆರಳುಗಳು ಉಬ್ಬಿದಾಗ ಕೆನ್ನೆ ಹತ್ತಿರ ಹಿಡಿಯಿರಿ. ಸೂಜಿ ತೂತು ಇದ್ದರೂ ಗಾಳಿ ಕೆನ್ನೆಗೆ ತಾಗುತ್ತದೆ. ಪ್ಯಾನಲ್ ಮುಂದಿನ ಮ್ಯಾಟಿಗೂ ಇದೇ ಲೆಕ್ಕ. 11 ಕೆವಿ ಪ್ಯಾನಲ್‌ಗೆ ಐಎಸ್ 15652ರ ಬಿ ಕ್ಲಾಸ್, 2.5 ಮಿಲಿಮೀಟರ್ ದಪ್ಪದ್ದು. ಬಾಗಿಲಿನ ಕಾಲೊರಸು ಮ್ಯಾಟ್ ಕತ್ತರಿಸಿ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಯಾರ್ಡ್ ಒಳಗೆ ಛತ್ರಿ ಬಿಡಿಸಬೇಡಿ. ಮಳೆ ಬಂದರೆ ರೇನ್‌ಕೋಟ್, ಇಲ್ಲವಾದರೆ ನೆನೆಯಿರಿ. ಸ್ಟೀಲ್ ಟೇಪ್‌ನಿಂದ ಅಳತೆ ಬೇಡ. ಅಲ್ಯೂಮಿನಿಯಂ ಏಣಿ ಗೇಟಿನ ಹೊರಗೇ ಇರಲಿ. ಎಫ್‌ಆರ್‌ಪಿ (ಫೈಬರ್) ಏಣಿಯನ್ನೂ ಇಬ್ಬರು ಸೇರಿ ಅಡ್ಡಡ್ಡ, ಹೆಗಲಿಗಿಂತ ಕೆಳಗೆ ಹಿಡಿದುಕೊಂಡು ಒಯ್ಯಬೇಕು. ಆಯುಧಪೂಜೆ ದಿನದ ಬಗ್ಗೆ ವಿಶೇಷವಾಗಿ ಹೇಳಬೇಕು. ಎರಡಾಳು ಎತ್ತರದ ಹಸಿ ಬಾಳೆಕಂದನ್ನು ಹೆಗಲ ಮೇಲೆ ನೆಟ್ಟಗೆ ಹೊತ್ತು ಬಸ್ಸಿನ ಕೆಳಗೆ ನಡೆಯುವುದು ಪೈಪ್ ಹೊತ್ತು ನಡೆದ ಹಾಗೇ. ಕಂದನ್ನು ಗೇಟಿಗೆ ಕಟ್ಟಿ, ಪೂಜೆ ಕಂಟ್ರೋಲ್ ರೂಮಿನಲ್ಲಿ ಮಾಡಿ. ಪ್ಯಾನಲ್‌ಗೆ ಕುಂಕುಮದ ಒಂದು ಬೊಟ್ಟು ಸಾಕು, ನೀರು ಚಿಮುಕಿಸುವುದು ಬೇಡ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಲ ಕೆಳಗಿನ ಜಲ್ಲಿಕಲ್ಲು ಕೂಡ ರಕ್ಷಣೆಯ ಸಾಮಾನೇ. ಫಾಲ್ಟ್ ಆದಾಗ ನೆಲಕ್ಕೆ ಕರೆಂಟ್ ಹರಿಯುತ್ತದೆ. ಆಗ ಒಂದು ಹೆಜ್ಜೆಯ ಅಂತರದಲ್ಲೇ ಎರಡು ಕಾಲುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಬರುತ್ತದೆ. ಜಲ್ಲಿ ಹಾಸು ಆ ಕರೆಂಟ್ ಮೈಗೆ ಹತ್ತದಂತೆ ತಡೆಯುತ್ತದೆ. ಒದ್ದೆಯಾದಾಗಲೂ ಅದು ಮಣ್ಣಿಗಿಂತ ಎಷ್ಟೋ ಪಾಲು ಹೆಚ್ಚು ತಡೆ ಕೊಡುತ್ತದೆ. ಕಳೆ ಬೆಳೆದು, ಮಣ್ಣು ಮೇಲೆ ಬಂದು ಜಲ್ಲಿ ಮುಚ್ಚಿಹೋಗಿದ್ದರೆ ಆ ರಕ್ಷಣೆ ಹೋಯಿತು ಅಂತಲೇ ಅರ್ಥ.

ಬಿಡಿಸುವ ಕ್ರಮ: ಬ್ರೇಕರ್ ಮೊದಲು, ಐಸೋಲೇಟರ್ ಆಮೇಲೆ

ಲೋಡ್ ಡಿಸ್‌ಪ್ಯಾಚ್ ಕೇಂದ್ರದ ಅನುಮತಿ ಬಂತು, ಲೋಡ್ ಬೇರೆ ಲೈನಿಗೆ ಹೋಯಿತು ಅಂದುಕೊಳ್ಳಿ. ಈಗ ಬ್ರೇಕರ್ ಟ್ರಿಪ್ ಮಾಡಿ. ಮೂರೂ ಫೇಸಿನ ಆಮೀಟರ್ ಸೊನ್ನೆ ತೋರಿಸುತ್ತಿದೆಯಾ ನೋಡಿ. ಪ್ಯಾನಲ್‌ನ ಹಸಿರು ದೀಪ ನಂಬಿ ಕೂರಬೇಡಿ. ಯಾರ್ಡ್‌ಗೆ ಹೋಗಿ ಬ್ರೇಕರ್ ಮೈಮೇಲಿನ ಸೂಚಕವನ್ನೂ ನೋಡಿ.

ಆಮೇಲೆ ಲೈನ್ ಐಸೋಲೇಟರ್, ನಂತರ ಬಸ್ ಐಸೋಲೇಟರ್ ತೆರೆಯಿರಿ. ಈ ಕ್ರಮ ತಪ್ಪಬಾರದು. ಐಸೋಲೇಟರ್‌ಗೆ ಆರ್ಕ್ ಆರಿಸುವ ಶಕ್ತಿ ಇಲ್ಲ. ಬ್ರೇಕರ್ ಒಳಗೆ ಎಸ್‌ಎಫ್6 ಅನಿಲವೋ ವ್ಯಾಕ್ಯೂಮ್ಮೋ ಆ ಕೆಲಸ ಮಾಡುತ್ತದೆ, ಐಸೋಲೇಟರ್‌ಗೆ ಇರುವುದು ಬರೀ ಗಾಳಿ. ಲೋಡ್ ಇರುವಾಗ ಅದನ್ನು ತೆರೆದರೆ ಬ್ಲೇಡ್ ತುದಿಯಲ್ಲಿ ಬೆಂಕಿಯ ಹಗ್ಗ ಎಳೆದ ಹಾಗೆ ಆರ್ಕ್ ಉದ್ದವಾಗುತ್ತಾ ಹೋಗುತ್ತದೆ. ಆ ಹೊತ್ತಿಗೆ ಹ್ಯಾಂಡಲ್ ಹಿಡಿದವರು ಅದರ ಕೆಳಗೇ ನಿಂತಿರುತ್ತಾರೆ. ಪಕ್ಕದ ಬೇಯ ಹ್ಯಾಂಡಲ್ ಹಿಡಿದುಬಿಟ್ಟರೂ ಇದೇ ಗತಿ. ಅದಕ್ಕೇ ಹ್ಯಾಂಡಲ್ ಮುಟ್ಟುವ ಮುಂಚೆ ಬೇ ಹೆಸರನ್ನು ಜೋರಾಗಿ ಓದಿ ಹೇಳಿ. ಜೊತೆಗಿದ್ದವರು ಹೌದು ಅಂದ ಮೇಲೆ ತಿರುಗಿಸಿ.

ತೆರೆದ ಮೇಲೆ ತಲೆ ಎತ್ತಿ ಮೂರೂ ಬ್ಲೇಡ್ ಎಣಿಸಿ. ಒಂದು, ಎರಡು, ಮೂರು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಮ್ಮೆ ಒಂದು ಸ್ಟೇಷನ್‌ನಲ್ಲಿ ನಾನು ಹ್ಯಾಂಡಲ್ ಪೂರ್ತಿ ತಿರುಗಿಸಿದೆ. ಪ್ಯಾನಲ್‌ನಲ್ಲಿ ‘ಓಪನ್’ ಬಂತು. ಮೇಲೆ ನೋಡಿದರೆ ಆರ್ ಮತ್ತು ವೈ ಅಗಲವಾಗಿ ತೆರೆದಿವೆ, ಬಿ ಫೇಸ್ ಬ್ಲೇಡ್ ಒಂದು ಗೇಣು ಕೂಡ ಬಿಟ್ಟಿಲ್ಲ. ಮೂರನ್ನೂ ಕೂಡಿಸುವ ಪೈಪಿನ ಬೋಲ್ಟ್ ಸಡಿಲವಾಗಿ ಅಲ್ಲೇ ಜಾರಿತ್ತು. ಸೂಚಕದ ಸ್ವಿಚ್ ಇರುವುದು ಹ್ಯಾಂಡಲ್ ಕಡೆ. ಅದಕ್ಕೆ ಬ್ಲೇಡ್ ಏನು ಮಾಡಿತು ಅಂತ ಹೇಗೆ ಗೊತ್ತಾಗಬೇಕು?

ಈಗ ಬೀಗ. ಐಸೋಲೇಟರ್ ಹ್ಯಾಂಡಲ್‌ಗೆ ಬೀಗ ಹಾಕಿ, ಕೀ ಕೆಲಸ ಮಾಡುವವರ ಮುಖ್ಯಸ್ಥರ ಜೇಬಿನಲ್ಲಿರಲಿ, ಆಪರೇಟರ್ ಮೇಜಿನ ಡ್ರಾಯರ್‌ನಲ್ಲಿ ಅಲ್ಲ. ಮೋಟಾರ್ ಇರುವ ಐಸೋಲೇಟರ್ ಆದರೆ ಅದರ ಎಂಸಿಬಿ ಆಫ್. ಬ್ರೇಕರ್‌ನ ಡಿಸಿ ಸಪ್ಲೈ ತೆಗೆಯಿರಿ. ಲೋಕಲ್–ರಿಮೋಟ್ ಸ್ವಿಚ್ ‘ಲೋಕಲ್’ಗೆ ಬರಲಿ. ಇಲ್ಲದಿದ್ದರೆ ದೂರದ ಸ್ಕಾಡಾ ಪರದೆಯ ಮುಂದೆ ಕೂತವರು ಒಂದು ಬಟನ್ ಒತ್ತಿದರೆ ಇಲ್ಲಿ ಬ್ರೇಕರ್ ಆನ್ ಆಗುತ್ತದೆ. ಬ್ರೇಕರ್ ಆನ್–ಆಫ್ ಮಾಡುವ, ಪ್ಯಾನಲ್‌ನ ಟಿಎನ್‌ಸಿ ಸ್ವಿಚ್ ಮೇಲೆ ‘ಕೆಲಸ ನಡೆಯುತ್ತಿದೆ, ಚಾರ್ಜ್ ಮಾಡಬೇಡಿ’ ಬೋರ್ಡ್ ತೂಗುಹಾಕಿ. ಅದರಲ್ಲಿ ಕೆಲಸ ಮಾಡುವವರ ಹೆಸರು, ಸಮಯ ಇರಲಿ. ಬರೀ ಕೆಂಪು ಬೋರ್ಡನ್ನು ಎರಡನೇ ಶಿಫ್ಟಿನವರು ‘ಹಳೇದಿರಬೇಕು’ ಅಂತ ತೆಗೆದಿಟ್ಟರೆ ನೀವು ಏನು ಮಾಡುತ್ತೀರಿ?

ಫೋನಿನಲ್ಲಿ ಎಲ್‌ಸಿ: ‘ಆಯ್ತು’ ಅನ್ನುವ ಪದ ಬೇಡ

ಲೈನ್ ಕ್ಲಿಯರ್, ಎಲ್ಲರ ಬಾಯಲ್ಲಿ ಎಲ್‌ಸಿ. ಆಚೆ ತುದಿಯ ಸ್ಟೇಷನ್‌ನವರು ತಮ್ಮ ಕಡೆ ಬಿಡಿಸಿ, ಅರ್ಥ್ ಮಾಡಿ, ‘ಈ ಲೈನ್ ನಿಮಗೆ ಬಿಟ್ಟಿದ್ದೇವೆ, ನೀವು ಹಿಂದಿರುಗಿಸುವವರೆಗೆ ಚಾರ್ಜ್ ಮಾಡುವುದಿಲ್ಲ’ ಅಂತ ಕೊಡುವ ಮಾತು. ಅದಕ್ಕೆ ನಂಬರ್, ಸಮಯ, ಕೊಟ್ಟವರ ಮತ್ತು ತೆಗೆದುಕೊಂಡವರ ಹೆಸರು ಎಲ್ಲ ಇರುತ್ತದೆ. ಎರಡೂ ಕಡೆ ಪುಸ್ತಕದಲ್ಲಿ ದಾಖಲಾಗುತ್ತದೆ.

ಈ ಮಾತುಕತೆ ಹೀಗಿರಬೇಕು. ಮೊದಲು ಆಚೆ ತುದಿಯವರು:

‘ಸಾರ್, ಬರ್ಕೊಳ್ಳಿ. 66 ಕೆವಿ ಸರ್ಕ್ಯೂಟ್ ಎರಡು. ನಮ್ಮ ಕಡೆ ಬ್ರೇಕರ್ ಆಫ್, ಲೈನ್ ಐಸೋಲೇಟರ್ ಓಪನ್, ಬಸ್ ಐಸೋಲೇಟರ್ ಓಪನ್, ಅರ್ಥ್ ಸ್ವಿಚ್ ಕ್ಲೋಸ್, ಮೂರೂ ಫೇಸ್ ಕಣ್ಣಲ್ಲಿ ನೋಡಿದ್ದೀನಿ. ಬೀಗ ಹಾಕಿದ್ದೀನಿ. ಎಲ್‌ಸಿ ನಂಬರ್ ಹದಿನೇಳು. ಸಮಯ ಒಂಬತ್ತು ನಲವತ್ತೆರಡು. ಈಗ ನೀವು ಓದಿ ಹೇಳಿ.’

ಈ ಕಡೆಯವರು ಒಂದಕ್ಷರ ಬಿಡದೆ ವಾಪಸ್ ಓದಬೇಕು. ಆಚೆಯವರು ‘ಸರಿಯಾಗಿದೆ’ ಅಂದಮೇಲೆ ಎಲ್‌ಸಿ ಕೈಗೆ ಬಂದ ಹಾಗೆ.

ನಮ್ಮ ಭಾಷೆಯಲ್ಲೇ ಕೆಲವು ಗುಂಡಿಗಳಿವೆ. ‘ಆರ್ ಫೇಸ್’ ಮತ್ತು ‘ಆರನೇ ಫೀಡರ್’ ಕೆಟ್ಟ ಫೋನ್ ಲೈನಿನಲ್ಲಿ ಒಂದೇ ಥರ ಕೇಳುತ್ತವೆ. ಹಾಗಾಗಿ ಫೇಸ್ ಹೇಳುವಾಗ ‘ಕೆಂಪು, ಹಳದಿ, ನೀಲಿ’ ಅನ್ನುವುದು ಒಳ್ಳೆಯದು. ಫೀಡರ್‌ಗೆ ನಂಬರ್ ಜೊತೆ ಊರಿನ ಹೆಸರೂ ಸೇರಿಸಿ.

ಎಲ್ಲಕ್ಕಿಂತ ದೊಡ್ಡ ಗುಂಡಿ ‘ಆಯ್ತು’. ಕೇಳಿಸಿತು ಅಂದರೂ ಆಯ್ತು, ಒಪ್ಪಿದೆ ಅಂದರೂ ಆಯ್ತು, ಕೆಲಸ ಮುಗಿಯಿತು ಅಂದರೂ ಆಯ್ತು, ಫೋನ್ ಇಡ್ತೀನಿ ಅಂದರೂ ಆಯ್ತು. ವರ್ಷಗಳ ಹಿಂದೆ ನಾನಿದ್ದ ಒಂದು ಸ್ಟೇಷನ್‌ನಲ್ಲಿ ಆಪರೇಟರ್ ಫೋನಿನಲ್ಲಿ ಕೇಳಿದರು: ‘ಊಟಕ್ಕೆ ಮುಂಚೆ ಲೈನ್ ಬಿಡ್ಬೇಕು, ಆಯ್ತಾ?’ ಕೆಳಗೆ ನಿಂತಿದ್ದ ಹೆಲ್ಪರ್ ಹುಡುಗ ‘ಆಯ್ತು ಸಾರ್’ ಅಂದ. ಬೇಗ ಮುಗಿಸುತ್ತೇವೆ ಅನ್ನುವುದು ಅವನ ಅರ್ಥ. ಕೆಲಸ ಮುಗಿದಿದೆ ಅನ್ನುವುದು ಇವರಿಗೆ ಕೇಳಿಸಿದ್ದು. ಹಳ್ಳಿಗಳಿಂದ ‘ಕರೆಂಟ್ ಯಾವಾಗ ಬರುತ್ತೆ’ ಅಂತ ಬೆಳಗ್ಗೆಯಿಂದ ಫೋನ್ ಬಡಿದುಕೊಳ್ಳುತ್ತಿತ್ತು, ತಲೆ ಬಿಸಿಯಾಗಿತ್ತು. ಅದೃಷ್ಟಕ್ಕೆ ಅಲ್ಲಿ ಅರ್ಥ್ ಸ್ವಿಚ್ ಕೈಯಿಂದಲೇ ತೆಗೆಯಬೇಕಿತ್ತು. ತೆಗೆಯಲು ಯಾರ್ಡ್‌ಗೆ ಬಂದವರು ತಲೆ ಎತ್ತಿದರೆ ಏಣಿಯ ಮೇಲೆ ಇನ್ನೂ ಒಬ್ಬರು ಇದ್ದಾರೆ. ಆವತ್ತಿನಿಂದ ನಮ್ಮಲ್ಲಿ ಎಲ್‌ಸಿ ಮಾತಿನಲ್ಲಿ ಆ ಪದಕ್ಕೆ ಜಾಗ ಇಲ್ಲ. ‘ಕೇಳಿಸಿತು’ ಬೇರೆ, ‘ಕೆಲಸ ಮುಗಿದಿದೆ, ಎಲ್‌ಸಿ ಹದಿನೇಳು ವಾಪಸ್’ ಬೇರೆ.

ಇನ್ನೆರಡು ನಿಯಮ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಲೈನಿನ ಮೇಲೆ ಮೂರು ಗ್ಯಾಂಗ್ ಇದ್ದರೆ ಮೂರು ಎಲ್‌ಸಿ. ‘ಅವರು ತಗೊಂಡಿದ್ದಾರಲ್ಲ, ಅದರಲ್ಲೇ ನಾವೂ ಮಾಡ್ಕೋತೀವಿ’ ಅನ್ನುವಂತಿಲ್ಲ. ಮತ್ತೆ, ಸಮಯದ ಮೇಲೆ ಎಲ್‌ಸಿ ಇಲ್ಲ. ‘ಹನ್ನೆರಡಕ್ಕೆ ಚಾರ್ಜ್ ಮಾಡಿಬಿಡಿ, ಅಷ್ಟರಲ್ಲಿ ಇಳಿದಿರ್ತೀವಿ’ ಅನ್ನುವುದು ಆತ್ಮಹತ್ಯೆಗೆ ಮುಹೂರ್ತ ಇಟ್ಟ ಹಾಗೆ.

ಸತ್ತಿದೆಯಾ ನೋಡಿ, ಆಮೇಲೆ ಅರ್ಥ್

ನಮ್ಮ ಕಡೆಯ ಅರ್ಥ್ ಸ್ವಿಚ್ ಹಾಕುವ ಮುಂಚೆ ಒಂದು ವಿಷಯ ತಿಳಿದಿರಲಿ. ಅರ್ಥ್ ಸ್ವಿಚ್‌ಗೂ ಲೈನ್ ಐಸೋಲೇಟರ್‌ಗೂ ಇಂಟರ್‌ಲಾಕ್ ಇರುತ್ತದೆ. ಐಸೋಲೇಟರ್ ಕ್ಲೋಸ್ ಇದ್ದರೆ ಅರ್ಥ್ ಸ್ವಿಚ್ ಹಾಕಲು ಬರುವುದಿಲ್ಲ. ಇದನ್ನು ನೋಡಿ ‘ಇಂಟರ್‌ಲಾಕ್ ಬಿಟ್ಟಿತು, ಅಂದ್ರೆ ಲೈನ್ ಸತ್ತಿದೆ’ ಅಂತ ಅಂದುಕೊಳ್ಳುವವರು ಇದ್ದಾರೆ. ಇಂಟರ್‌ಲಾಕ್‌ಗೆ ಗೊತ್ತಿರುವುದು ನಮ್ಮ ಐಸೋಲೇಟರ್ ವಿಷಯ ಮಾತ್ರ. ಆಚೆ ತುದಿಯಿಂದ ಲೈನ್ ಚಾರ್ಜ್ ಆಗಿದ್ದರೂ ಅದು ಆರಾಮಾಗಿ ಬಿಡುತ್ತದೆ.

ಹಾಗಾಗಿ ವೋಲ್ಟೇಜ್ ಡಿಟೆಕ್ಟರ್. 66 ಕೆವಿಗೆ ಅಂತಲೇ ಇರುವುದು, ಇನ್ಸುಲೇಟೆಡ್ ಕೋಲಿನ ತುದಿಗೆ ಸಿಕ್ಕಿಸಿದ್ದು. ಮೊದಲು ಚಾರ್ಜ್ ಇರುವುದು ಖಚಿತವಾದ ಕಡೆ, ಅಂದರೆ ಬಸ್ ಕಡೆ ಹಿಡಿಯಿರಿ. ಕೂಗಬೇಕು. ಆಮೇಲೆ ನಮ್ಮ ಲೈನಿನ ಮೂರೂ ಫೇಸ್‌ಗೆ ಹಿಡಿಯಿರಿ. ಕೂಗಬಾರದು. ಆಮೇಲೆ ಮತ್ತೆ ಬಸ್ ಕಡೆ. ಮತ್ತೆ ಕೂಗಬೇಕು. ಈ ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಡುವೆ ಬ್ಯಾಟರಿ ಸತ್ತು ಸುಮ್ನೆ ಇದ್ದಿದ್ದರೆ? ಡಿಟೆಕ್ಟರ್ ಮೌನ ಅಂದರೆ ಲೈನ್ ಸತ್ತಿದೆ ಅಂತಲೂ ಆಗಬಹುದು, ಡಿಟೆಕ್ಟರೇ ಸತ್ತಿದೆ ಅಂತಲೂ ಆಗಬಹುದು.

ಖಚಿತವಾದ ಮೇಲೆ ಅರ್ಥ್ ಸ್ವಿಚ್ ಹಾಕಿ, ಮೂರೂ ಬ್ಲೇಡ್ ಕೂತಿವೆಯಾ ನೋಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಕೆಲಸದ ಜಾಗದ ಎರಡೂ ಕಡೆ ಅರ್ಥ್ ರಾಡ್ ಹಾಕಬೇಕು. ಕ್ಲಾಂಪ್ ಬಿಚ್ಚಿದಾಗ ಕಂಡಕ್ಟರ್ ಎರಡು ತುಂಡಾಗುತ್ತದೆ ಅಲ್ವಾ? ಒಂದು ಕಡೆ ಮಾತ್ರ ಅರ್ಥ್ ಇದ್ದರೆ ಇನ್ನೊಂದು ತುಂಡು ಅನಾಥ.

ರಾಡ್ ಹಾಕುವಾಗ ಅರ್ಥ್ ಕಡೆಯ ಕ್ಲಾಂಪ್ ಮೊದಲು, ಲೈನ್ ಕಡೆಯದ್ದು ಆಮೇಲೆ. ತೆಗೆಯುವಾಗ ಲೈನ್ ಕಡೆ ಮೊದಲು, ಅರ್ಥ್ ಕಡೆ ಕೊನೆಗೆ. ಇದನ್ನು ಉಲ್ಟಾ ಮಾಡಿದರೆ, ಲೈನಿನಲ್ಲಿ ಉಳಿದ ಚಾರ್ಜ್ ಅರ್ಥ್ ತಂತಿ ಹಿಡಿದ ನಿಮ್ಮ ಕೈ ಮೂಲಕವೇ ನೆಲಕ್ಕೆ ದಾರಿ ಹುಡುಕುತ್ತದೆ. ಅರ್ಥ್ ಕ್ಲಾಂಪನ್ನು ಸ್ಟ್ರಕ್ಚರ್ ಪಕ್ಕದ ಜಿಐ ಫ್ಲಾಟ್‌ಗೆ (ನೆಲಕ್ಕೆ ಹೋಗುವ ಕಬ್ಬಿಣದ ಪಟ್ಟಿ) ಹಾಕುವಾಗ ಅಲ್ಲಿ ಬಣ್ಣ ಬಳಿದಿದ್ದರೆ ಕೆರೆದು ಲೋಹ ಕಾಣಿಸಿ. ಪ್ರತಿ ವರ್ಷ ನಿಷ್ಠೆಯಿಂದ ಬಳಿದ ಹಸಿರು ಬಣ್ಣದ ಮೇಲೆ ಕ್ಲಾಂಪ್ ಹಾಕಿದರೆ ಅರ್ಥ್ ಆಗುವುದು ಬಣ್ಣ ಮಾತ್ರ.

ಎಷ್ಟು ರಾಡ್ ಹಾಕಿದ್ದೀರಿ ಅಂತ ಎಲ್‌ಸಿ ಕಾಗದದ ಮೇಲೇ ಬರೆಯಿರಿ. ನಮ್ಮ ಕೆಲಸಕ್ಕೆ ಎರಡು ಕಡೆ, ಮೂರು ಫೇಸ್, ಒಟ್ಟು ಆರು.

ಹಗ್ಗ ಕಟ್ಟುವುದು, ಟೀ ಕುಡಿದು ಬರುವುದು

ಕೆಲಸದ ಜಾಗಕ್ಕೆ ಸುತ್ತ ಹಗ್ಗ ಕಟ್ಟಿ, ಒಳಗೆ ಬರಲು ಒಂದೇ ಬಾಯಿ ಬಿಡಿ. ಪಕ್ಕದ ಬೇಯ ಸ್ಟ್ರಕ್ಚರ್ ಕಾಲಿಗೆ ‘ಚಾರ್ಜ್ ಇದೆ’ ಬೋರ್ಡ್ ತೂಗಿಸಿ. ಯಾರ್ಡ್‌ನಲ್ಲಿ ಒಂದು ಬೇ ಇನ್ನೊಂದರ ಅಚ್ಚು. ಅದೇ ಬಣ್ಣ, ಅದೇ ಎತ್ತರ. ಬೆಳಗ್ಗೆ ಎಲ್ಲರಿಗೂ ಜಾಗ ನೆನಪಿರುತ್ತದೆ. ಟೀಗೆ ಹೋಗಿ ಬಂದವರು ಮಾತಾಡುತ್ತಾ ಪಕ್ಕದ ಬೇಯ ಏಣಿ ಹತ್ತುತ್ತಾರೆ. ಹಾಗಾಗಿ ಟೀ, ಊಟ, ಮಳೆ ನಿಂತ ಮೇಲೆ, ಯಾವ ಬಿಡುವಿನ ನಂತರವಾದರೂ ಮುಖ್ಯಸ್ಥರು ಮತ್ತೆ ಎಲ್ಲರನ್ನೂ ಹಗ್ಗದ ಬಾಯಲ್ಲಿ ನಿಲ್ಲಿಸಿ, ಕೈ ತೋರಿಸಿ ಹೇಳಬೇಕು: ಇದು ನಮ್ಮದು, ಅದು ಚಾರ್ಜ್ ಇದೆ. ಹೊಸದಾಗಿ ಯಾರಾದರೂ ಸೇರಿಕೊಂಡರೆ ಅವರಿಗೆ ಮೊದಲಿನಿಂದ ಹೇಳಬೇಕು.

ಒಬ್ಬರು ಬರೀ ನೋಡುತ್ತಾ ನಿಲ್ಲಬೇಕು. ಸ್ಪ್ಯಾನರ್ ಕೊಡುವುದೂ ಅವರ ಕೆಲಸವಲ್ಲ. ‘ಸುಮ್ನೆ ನಿಂತಿದ್ದೀಯಲ್ಲ, ಸ್ವಲ್ಪ ಏಣಿ ಹಿಡಿ’ ಅಂದರೆ ಆ ಕಣ್ಣು ಹೋಯಿತು.

ಏನಾದರೂ ಆಗಿಯೇಬಿಟ್ಟರೆ? ಓಡಿಹೋಗಿ ಹಿಡಿಯಬೇಡಿ. ಮೊದಲು ಸಪ್ಲೈ ಬಿಡಿಸಿ. 66 ಕೆವಿ ಮುಂದೆ ಒಣ ಕೋಲು, ಚಪ್ಪಲಿ, ಗೋಣಿಚೀಲ ಯಾವುದೂ ಲೆಕ್ಕಕ್ಕಿಲ್ಲ. ಲೈನ್ ಸತ್ತಿದೆ ಅಂತ ಖಚಿತವಾದ ಮೇಲೆ ಕೆಳಗಿಳಿಸಿ. ಉಸಿರಾಟ ಇಲ್ಲವಾದರೆ ತಕ್ಷಣ ಎದೆ ಒತ್ತಲು ಶುರು ಮಾಡಿ: ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ. ತರಬೇತಿ ಇದ್ದವರು 30 ಒತ್ತಿಗೆ 2 ಉಸಿರು ಕೊಡಲಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಿ, ಮತ್ತೊಬ್ಬರು ಗೇಟ್ ತೆರೆದು ರಸ್ತೆಯಲ್ಲಿ ನಿಂತು ಆಂಬುಲೆನ್ಸ್‌ಗೆ ದಾರಿ ತೋರಿಸಲಿ. ಎದ್ದು ಕೂತು ‘ಏನೂ ಆಗಿಲ್ಲ ಸಾರ್’ ಅಂದರೂ ಆಸ್ಪತ್ರೆಗೆ ಹೋಗಲೇಬೇಕು. ಕರೆಂಟ್ ಹೊಕ್ಕ ಮತ್ತು ಹೊರಬಿದ್ದ ಜಾಗದ ನಡುವೆ ಒಳಗೆ ಏನು ಸುಟ್ಟಿದೆ ಅಂತ ಹೊರಗಿನಿಂದ ಕಾಣುವುದಿಲ್ಲ, ಹೃದಯದ ಬಡಿತ ಆಮೇಲೂ ತಪ್ಪಬಹುದು.

ಬೇರೆ ಮೂಲೆಗಳಲ್ಲಿ ಕಾದಿರುವ ವಿಷಯಗಳು

ನಮ್ಮ ಕ್ಲಾಂಪಿಗೆ ಸಂಬಂಧ ಇಲ್ಲದಿದ್ದರೂ ಇವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.

ಕೆಪ್ಯಾಸಿಟರ್ ಬ್ಯಾಂಕ್ ಆಫ್ ಆದಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಕನಿಷ್ಠ 10 ನಿಮಿಷ ಕಾದು, ಡಿಸ್ಚಾರ್ಜ್ ರಾಡ್ ತಾಗಿಸಿ, ಅರ್ಥ್ ಮಾಡಿ, ಆಮೇಲೆ ಮುಟ್ಟಿ. ಉದ್ದದ ಕೇಬಲ್‌ಗೂ ಇದೇ ಮಾತು.

ಸಿಟಿ ಸೆಕೆಂಡರಿಯನ್ನು ಚಾಲೂ ಇರುವಾಗ ಎಂದೂ ತೆರೆದು ಬಿಡಬಾರದು, ಪಿಟಿ (ವೋಲ್ಟೇಜ್ ಅಳೆಯಲು ಇರುವ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಯನ್ನು ಎಂದೂ ಶಾರ್ಟ್ ಮಾಡಬಾರದು. ಮೀಟರ್ ಬದಲಿಸಲು ಸಿಟಿ ತಂತಿ ಬಿಚ್ಚಿದರೆ ಅಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ಪಿಟಿ ಕೆಲಸಕ್ಕೆ ಇಳಿಯುವಾಗ ಸೆಕೆಂಡರಿ ಫ್ಯೂಸ್ ತೆಗೆಯಿರಿ. ಇಲ್ಲದಿದ್ದರೆ ಕೆಳಗಿನ 110 ವೋಲ್ಟ್ ಹಿಂದಕ್ಕೆ ಹತ್ತಿ ಮೇಲೆ ಪೂರ್ತಿ ವೋಲ್ಟೇಜ್ ಕೊಡುತ್ತದೆ.

11 ಕೆವಿ ಬ್ರೇಕರ್ ಟ್ರಾಲಿ ಹೊರಗೆಳೆದ ಮೇಲೂ ಒಳಗಿನ ಸ್ಪ್ರಿಂಗ್ ಬಿಗಿಯಾಗಿಯೇ ಇರಬಹುದು. ಡಿಸಿ ತೆಗೆದು, ಒಂದು ಸಲ ಕ್ಲೋಸ್, ಒಂದು ಸಲ ಟ್ರಿಪ್ ಮಾಡಿ ಸ್ಪ್ರಿಂಗ್ ಸಡಿಲಿಸಿದ ಮೇಲೆ ಕೈ ಹಾಕಿ. ಬೆರಳಿಗೆ ಕರೆಂಟೇ ಬೇಕಿಲ್ಲ, ಆ ಸ್ಪ್ರಿಂಗ್ ಸಾಕು.

ಎಸ್‌ಎಫ್6 ಗಾಳಿಗಿಂತ ಸುಮಾರು ಐದು ಪಟ್ಟು ಭಾರ. ಸೋರಿದರೆ ಕೇಬಲ್ ಟ್ರೆಂಚ್‌ನಲ್ಲಿ ಕೆರೆ ನೀರಿನ ಹಾಗೆ ನಿಲ್ಲುತ್ತದೆ, ವಾಸನೆ ಇಲ್ಲ, ಉಸಿರು ಕಟ್ಟುತ್ತದೆ. ಬ್ರೇಕರ್ ಒಳಗೆ ಆರ್ಕ್ ಆದ ಮೇಲೆ ಸಿಗುವ ಬಿಳಿ ಪುಡಿ ವಿಷ, ಬರಿಗೈಯಲ್ಲಿ ಒರೆಸಬೇಡಿ. ಅದೇ ಟ್ರೆಂಚ್‌ನಲ್ಲಿ ಮಳೆಗಾಲದಲ್ಲಿ ಹಾವೂ ಇರುತ್ತದೆ. ಕೇಬಲ್ ತೂತುಗಳನ್ನು ಮುಚ್ಚಿಡಿ. ಪ್ಯಾನಲ್ ಒಳಗೆ ಹಲ್ಲಿ ಹೊಕ್ಕು ಇಡೀ ಬ್ಯಾಂಕ್ (ಒಂದು ಟ್ರಾನ್ಸ್‌ಫಾರ್ಮರ್‌ಗೆ ಸೇರಿದ ಎಲ್ಲ ಫೀಡರ್) ಟ್ರಿಪ್ ಆದ ಕಥೆ ಪ್ರತಿ ಸ್ಟೇಷನ್‌ನಲ್ಲೂ ಒಂದಾದರೂ ಇದೆ.

ಬ್ಯಾಟರಿ ರೂಮಿನಲ್ಲಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಎಕ್ಸಾಸ್ಟ್ ಫ್ಯಾನ್ ಓಡಲಿ, ಬೀಡಿ ಹೊರಗೆ.

ವಾಪಸ್ ಬರುವ ದಾರಿ

ಕ್ಲಾಂಪ್ ಬಿಗಿಯಾಯಿತು. ಈಗ ಎಲ್ಲರಿಗೂ ಮನೆಗೆ ಹೋಗುವ ಆತುರ, ಹೊರಗಿನಿಂದ ಫೋನ್ ಮೇಲೆ ಫೋನ್. ನನ್ನ ಅನುಭವದಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲೇ.

ಮೊದಲು ಸಾಮಾನು ಎಣಿಸಿ. ಎಂಟು ಸ್ಪ್ಯಾನರ್ ಬಂದಿದ್ದರೆ ಎಂಟು ಹೋಗಬೇಕು. ಮೇಲೆ ಮರೆತ ಒಂದು ಸ್ಪ್ಯಾನರ್ ಅಥವಾ ಕಂಬಿ ತುಂಡು ಚಾರ್ಜ್ ಮಾಡಿದ ಕ್ಷಣ ಫಾಲ್ಟ್ ಆಗುತ್ತದೆ. ಆಮೇಲೆ ಜನರನ್ನು ಎಣಿಸಿ, ಹೆಸರು ಕರೆದು, ಹಗ್ಗದ ಹೊರಗೆ ನಿಲ್ಲಿಸಿ. ‘ಎಲ್ಲಾ ಇಳಿದ್ರಾ?’ ಅಂತ ಗುಂಪಿಗೆ ಕೇಳಿದರೆ ಗುಂಪು ‘ಹ್ಞೂಂ’ ಅನ್ನುತ್ತದೆ. ಗುಂಪಿನ ಹ್ಞೂಂಗೆ ಬೆಲೆ ಇಲ್ಲ. ಎಲ್ಲರಿಗೂ ಒಂದು ಮಾತು ಹೇಳಿ: ಈ ಕ್ಷಣದಿಂದ ಇದು ಚಾರ್ಜ್ ಇದೆ ಅಂತ ತಿಳಿಯಿರಿ. ಮರೆತ ಟವೆಲ್ ತರಲು ಒಬ್ಬರು ವಾಪಸ್ ಹತ್ತುವುದು ಈ ಮಾತು ಹೇಳದಿದ್ದಾಗಲೇ.

ಜನ ಹೊರಗೆ ಬಂದ ಮೇಲೆ ಅರ್ಥ್ ರಾಡ್ ತೆಗೆಯಿರಿ, ಲೈನ್ ಕಡೆ ಮೊದಲು. ಆರು ಹಾಕಿದ್ದೆವು, ಆರು ಬಂತಾ? ಕಾಗದದ ಮೇಲೆ ಗುರುತು ಹಾಕಿ. ನಮ್ಮ ಅರ್ಥ್ ಸ್ವಿಚ್ ತೆರೆದು, ಮೂರೂ ಬ್ಲೇಡ್ ನೋಡಿ, ಬೀಗ ಬಿಚ್ಚಿ, ಬೋರ್ಡ್ ತೆಗೆಯಿರಿ. ಈಗ ಎಲ್‌ಸಿ ತೆಗೆದುಕೊಂಡವರೇ, ಅವರದೇ ಧ್ವನಿಯಲ್ಲಿ, ಆಚೆ ತುದಿಗೆ ಹಿಂದಿರುಗಿಸಬೇಕು: ‘ಎಲ್‌ಸಿ ನಂಬರ್ ಹದಿನೇಳು ವಾಪಸ್. ಜನ, ಸಾಮಾನು, ಅರ್ಥ್ ಎಲ್ಲ ತೆಗೆದಿದೆ. ಸಮಯ ಹನ್ನೊಂದು ಐವತ್ತು.’ ಆಚೆಯವರು ಓದಿ ಹೇಳಿ, ತಮ್ಮ ಅರ್ಥ್ ಸ್ವಿಚ್ ತೆಗೆಯುತ್ತಾರೆ.

ಚಾರ್ಜ್ ಮಾಡುವಾಗ ಕ್ರಮ ಉಲ್ಟಾ. ಎರಡೂ ತುದಿಯಲ್ಲಿ ಬಸ್ ಐಸೋಲೇಟರ್, ಲೈನ್ ಐಸೋಲೇಟರ್ ಮೊದಲು, ಬ್ರೇಕರ್ ಕೊನೆಗೆ. ಲೋಡ್ ಡಿಸ್‌ಪ್ಯಾಚ್ ಹೇಳಿದ ತುದಿಯಿಂದ ಮೊದಲು ಚಾರ್ಜ್ ಮಾಡಿ, ಮೂರೂ ಫೇಸ್ ವೋಲ್ಟೇಜ್ ನೋಡಿ, ಆಮೇಲೆ ಇನ್ನೊಂದು ತುದಿಯ ಬ್ರೇಕರ್ ಹಾಕಿ ಲೋಡ್ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ಯಾರ್ಡ್‌ನಲ್ಲಿ ಯಾರೂ ಇರಬಾರದು, ಫೋಟೋ ತೆಗೆಯುವವರೂ ಸೇರಿ.

ಲಾಗ್ ಬುಕ್‌ನಲ್ಲಿ ಎಲ್‌ಸಿ ನಂಬರ್, ಸಮಯ, ಮಾಡಿದ ಕೆಲಸ ಬರೆಯಿರಿ. ರಾತ್ರಿ ಪೀಕ್ ಲೋಡ್‌ನಲ್ಲಿ ಥರ್ಮೋವಿಷನ್ ಕ್ಯಾಮೆರಾ ಇದ್ದರೆ ಅದರಲ್ಲಿ ವೈ ಫೇಸ್ ಕ್ಲಾಂಪನ್ನು ಪಕ್ಕದ ಎರಡು ಫೇಸ್ ಜೊತೆ ಹೋಲಿಸಿ ನೋಡಿ. ಕ್ಯಾಮೆರಾ ಇಲ್ಲದಿದ್ದರೆ ಯಾರ್ಡ್ ಲೈಟ್ ಮತ್ತೆ ಎರಡು ನಿಮಿಷ ಆರಿಸಿ, ಒಂದು ಸುತ್ತು ಹಾಕಿ.